ಆರೇ ಇದ್ದು ತಮಾ

ಪ್ರೀತಿಯ ಗೆಳೆಯ,

ಕೊನೆಗೂ ಬಂತು ಮಾರಾಯ! ಕೃತ್ತಿಕೆ ನಕ್ಷತ್ರಗಳ ಸುತ್ತಲಿನ ನೀಲಿ ಮೋಡದ ಫೋಟೋ. ಶಿರಸಿಯ ನಮ್ಮನೆ ಹಿತ್ತಿಲಲ್ಲಿ, ಅಡಿಕೆ ಒಣಗಿಸುವ ಅಟ್ಟದ ಪಕ್ಕ ನಿಂತು ತೆಗೆದದ್ದು. ಇದನ್ನು ಇಲ್ಲಿ ಎಲ್ಲರೂ ಓದುತ್ತಾರೆ, ಹಾಗಾಗಿ ಮೂರನೇ ದೋಸೆಯ ಸುದ್ದಿ ಎತ್ತುವುದಿಲ್ಲ.

ಬೀದಿ ದೀಪದ ಬೆಳಕು ತಡೆಯೋಕೆ ಫಿಲ್ಟರ್ ಹಾಕಿದರಾಗದಾ ಅಂತ ಕೇಳಿದ್ದೆಯಲ್ಲ. ಓರಿಯನ್ ನೀಹಾರಿಕೆಗಾದರೆ ಆಗುತ್ತೆ. ಅದರ ಅನಿಲ ತಾನೇ ಹೊಳೆಯುತ್ತೆ, ಅದೂ ಕೆಲವೇ ಬಣ್ಣಗಳಲ್ಲಿ. ಅಷ್ಟನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆದರಾಯಿತು. ಇದು ಹಾಗಲ್ಲ, ಬರೀ ದೂಳು. ಕೃತ್ತಿಕೆಯದೇ ದೂಳೂ ಅಲ್ಲ, ದಾರಿಯಲ್ಲಿ ಎದುರಾದ ಬೇರೆ ಮೋಡ. ನಕ್ಷತ್ರದ ಬೆಳಕು ಬಿದ್ದು ಚೆದುರುತ್ತೆ, ಅದರಲ್ಲಿ ನೀಲಿ ಜಾಸ್ತಿ. 1912ರಲ್ಲಿ ಸ್ಲೈಫರ್ ಎಂಬ ಖಗೋಳ ವಿಜ್ಞಾನಿ ಈ ಮೋಡದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಸಿಕ್ಕಿದ್ದು ನಕ್ಷತ್ರದ ಬೆಳಕೇ. ಅದರಲ್ಲಿ ಎಲ್ಲ ಬಣ್ಣವೂ ಇದೆ, ನಮ್ಮ ರಸ್ತೆಯ ಎಲ್‌ಇಡಿ ದೀಪದಲ್ಲೂ ಇದೆ. ಫಿಲ್ಟರ್ ಹೇಗೆ ಬೇರೆ ಮಾಡುತ್ತೆ ಹೇಳು? ಅಮಾವಾಸ್ಯೆ ಕಾಯಬೇಕು, ಗಂಟೆಗಟ್ಟಲೆ ತೆಗೆಯಬೇಕು, ಅಷ್ಟೆ. 135 ಎಂಎಂ ಲೆನ್ಸಲ್ಲಿ ಒಂದೊಂದು ನಿಮಿಷದ 240 ಫೋಟೋ, ಎರಡು ರಾತ್ರಿ. ಜನವರಿಯ ಇಬ್ಬನಿ ನಿನಗೆ ಗೊತ್ತಲ್ಲ, ಲೆನ್ಸಿಗೆ ಬಿಸಿ ಪಟ್ಟಿ ಸುತ್ತಿ ಅದರ ಮೇಲೆ ಅಪ್ಪಯ್ಯನ ಮಫ್ಲರ್ ಕಟ್ಟಿದ್ದೆ.

ಎರಡನೇ ರಾತ್ರಿ ಹನ್ನೊಂದೂವರೆಗೆ ಅಪ್ಪಯ್ಯ ಹೊರಗೆ ಬಂದ. ಕಟ್ಟೆ ಮೇಲೆ ಕೂತು ಕವಳ ಹಾಕಿದ. ಚಿಕ್ಕವನಿದ್ದಾಗ ನನಗೆ ಕೃತ್ತಿಕೆ ಎಣಿಸೋಕೆ ಕಲಿಸಿದ್ದೇ ಅವನು. ಕುಮಾರಸ್ವಾಮಿಗೆ ಹಾಲೂಡಿದ ಆರು ತಾಯಂದಿರು, ಆರು ಕಾಣದಿದ್ದರೆ ಕಣ್ಣು ತೊಳೆದುಕೊಂಡು ಬಾ ಅನ್ನುತ್ತಿದ್ದ. ಸುಮ್ನೆ ಕೇಳಿದೆ, ‘ಇವತ್ತೆಷ್ಟು ಕಾಣ್ತು?’ ಅಂತ. ಅವನು ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದ. ‘ಆರೇ ಇದ್ದು ತಮಾ’ ಅಂದ.

ಅವನ ಮುಖ ಪೂರ್ವಕ್ಕಿತ್ತು. ಕಾರ್ತಿಕದಲ್ಲಿ ಅದು ಮೂಡುವ ಕಡೆಗೆ. ಕೃತ್ತಿಕೆ ಆಗಲೇ ಪಶ್ಚಿಮಕ್ಕೆ, ಮನೆ ಮಾಡಿನ ಮೇಲೆ ಇಳಿದಾಗಿತ್ತು.

ನಾನು ಏನೂ ಹೇಳಲಿಲ್ಲ. ಮಾತು ತೇಲಿಸಿ ಟೆಂಪೆಲ್ ಎಂಬ ಖಗೋಳ ವಿಜ್ಞಾನಿಯ ಕಥೆ ಹೇಳಿದೆ. 1859ರಲ್ಲಿ ವೆನಿಸ್‌ನಿಂದ ಈ ಮೋಡವನ್ನು ಕಂಡವನು, ಕನ್ನಡಿ ಮೇಲೆ ಉಸಿರು ಬಿದ್ದ ಕಲೆಯ ಹಾಗಿದೆ ಅಂದಿದ್ದ. ಅಪ್ಪಯ್ಯ ಕವಳ ಉಗುಳಿ ಬಂದು, ‘ಈಗ ನಂಗೆ ಎಲ್ಲಾ ಹಂಗೇ ಕಾಣ್ತು’ ಅಂದ. ಆಮೇಲೆ ಗೋಡೆ ಸವರಿಕೊಂಡು ಒಳಗೆ ಹೋದ. ಆ ಗೋಡೆ ಸವರುವುದನ್ನು ನಾನು ಎಷ್ಟು ದಿನದಿಂದ ನೋಡುತ್ತಿದ್ದೇನೋ.

ಕಳೆದ ಮಳೆಗಾಲದಲ್ಲೇ ಕಣ್ಣು ಮಂಜು ಅಂದಿದ್ದ. ಮಳೆ ಮುಗಿಯಲಿ ಅಂದೆ. ಮಳೆ ಮುಗಿಯಿತು, ಕೈಯಲ್ಲಿ ದುಡ್ಡೂ ಇತ್ತು. ದೀಪಾವಳಿಗೆ, ಆಕಾಶ ತಿರುಗಿದ ಹಾಗೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ತಗೊಂಡೆ. ನೀನು ಫೋನಲ್ಲಿ ಕೇಳಿದಾಗ ಅಪ್ಪಯ್ಯ ಆರಾಮಿದ್ದಾನೆ ಅಂದೆನಲ್ಲ, ಆಗ ಟ್ರ್ಯಾಕರಿನ ಡಬ್ಬಿ ಬಿಚ್ಚುತ್ತಾ ಇದ್ದೆ. ಇಷ್ಟೆಲ್ಲ ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ.

ಇರಲಿ ಬಿಡು. ಪೊರೆ ಇರಬೇಕು, ಸೋಮವಾರ ಡಾಕ್ಟರ ಹತ್ತಿರ ಹೊರಟಿದ್ದೇವೆ. ಅಮ್ಮ ತೊಡದೇವು ಮಾಡಿಟ್ಟಿದ್ದಾಳೆ, ಶಿವರಾತ್ರಿಗೆ ಬಾ. ಬರುವಾಗ ಒಂದು ಮಫ್ಲರ್ ತಾ, ಅಪ್ಪಯ್ಯನದನ್ನು ಅವನಿಗೇ ವಾಪಸ್ ಕೊಟ್ಟಿದ್ದೇನೆ. ಮೂರನೇ ದೋಸೆ ಮಾತ್ರ ಈ ಸಲವೂ ನನ್ನದೇ.

ನಿನ್ನ,
ಹಿತ್ತಿಲಿನವನು