ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ನಮ್ಮ ಚಿಕ್ಕಪ್ಪ 52ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ತಿಥಿ ಮುಗಿಯುವವರೆಗೂ ಯಾರಿಗೂ ಕಾಗದಪತ್ರದ ನೆನಪೇ ಬರಲಿಲ್ಲ. ಆ ದುಃಖದಲ್ಲಿ ಹೇಗೆ ತಾನೇ ಬರುತ್ತದೆ, ಅಲ್ವಾ?

ತಿಂಗಳುಗಳ ನಂತರ ಅವರ ಪಾಸ್‌ಬುಕ್ ತಿರುವಿದಾಗ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದು ಕಣ್ಣಿಗೆ ಬಿತ್ತು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. ವಿಮೆ ಚಾಲ್ತಿಯಲ್ಲಿದ್ದಾಗ ಸಾವಾದರೆ ನಾಮಿನಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಚಿಕ್ಕಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಖಾತೆ ಮುಚ್ಚಿಸಲು ಹೋದಾಗ ಬ್ಯಾಂಕಿನವರೂ ಹೇಳಿರಲಿಲ್ಲ. 20 ರೂಪಾಯಿ ಕಡಿತ ಕಂಡರೆ ಅದು ಸುರಕ್ಷಾ ವಿಮೆ, ಅಪಘಾತದ ಸಾವಿಗೆ. ಎಷ್ಟು ಮನೆಗಳಲ್ಲಿ ಈ ಹಣ ಕೇಳುವವರಿಲ್ಲದೆ ಉಳಿದಿದೆಯೋ ಎಂದು ಸಂಕಟವಾಗುತ್ತದೆ.

ಎಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕು, ಅಲೆದಾಟ ಜಾಸ್ತಿ. ಸಾವು ಎಲ್ಲಿ ಆಯಿತೋ ಆ ಊರಿನಲ್ಲೇ ನೋಂದಣಿ. ಪ್ರಮಾಣಪತ್ರದಲ್ಲಿ ತೀರಿಕೊಂಡವರ ಹೆಸರು ಆಧಾರ್‌ನಲ್ಲಿ, ಪಹಣಿಯಲ್ಲಿ ಇರುವಂತೆಯೇ ಇದೆಯಾ ನೋಡಿಕೊಳ್ಳಿ. ಒಂದಕ್ಷರ ತಪ್ಪಿದರೂ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ತೊಡಕಾಗುತ್ತದೆ.

ಬ್ಯಾಂಕಿನವರಲ್ಲಿ ನನ್ನದೊಂದು ಕೋರಿಕೆ. ಮರಣ ಪ್ರಮಾಣಪತ್ರ ಹಿಡಿದು ಬಂದವರಿಗೆ ‘ವಿಮೆ ಇದೆ, ಈ ಅರ್ಜಿ ತುಂಬಿ’ ಎಂದು ನೀವೇ ಹೇಳಿ.

– ಒಬ್ಬ ಓದುಗ, ಅರಸೀಕೆರೆ