ಸಲೀನಾಸ್‌ನ ನಮ್ಮ ಅಸೆಂಬ್ಲಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಇದರ ಇಂಗ್ಲಿಷ್ ಕಾಪಿ ನಿಮ್ಮ ಆಫೀಸಿಗೆ ಕಳ್ಸಿದೀನಿ. ಕನ್ನಡದಲ್ಲೂ ಯಾಕೆ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಕನ್ನಡದ ಡಾಕ್ಟರ್‌ಗಳೂ ಓದ್ಲಿ ಅಂತ.

ದೇಶಕ್ಕೆಲ್ಲಾ ಲೆಟ್ಯೂಸು, ಸ್ಟ್ರಾಬೆರಿ ಕಳ್ಸೋ ಊರು ನಮ್ದು. ಅದನ್ನ ದಿನವಿಡೀ ಬಗ್ಗಿ ಕೀಳೋರು ಹೆಚ್ಚಿನಂಶ ಮೆಕ್ಸಿಕೋ ಮೂಲದವರು, ಅವ್ರು ಮಗೂನ ಚೆಕಪ್‌ಗೆ ಕರ್ಕೊಂಡೋದ್ರೆ ಸಿಗೋ ಸಲಹೆ ಏನು, ತರಕಾರಿ ಜಾಸ್ತಿ ಕೊಡಿ, ಜ್ಯೂಸ್ ಕಮ್ಮಿ ಮಾಡಿ, ಹೊರಗೆ ಆಡೋಕ್ ಬಿಡಿ. ನಮ್ಮೂರಿನ ಪೂರ್ವಕ್ಕಿರೋ ಆಲಿಸಾಲ್ ಬಡಾವಣೆ ಕಡೆ ಒಂದೇ ಮನೇಲಿ ಎರಡ್ಮೂರು ಸಂಸಾರ ಇರುತ್ತೆ, ಹೊರಗೆ ಅಂದ್ರೆ ಎಲ್ಲಿ, ಪಾರ್ಕಿಂಗ್ ಲಾಟಲ್ಲಾ?

ಸಲಹೆ ತಪ್ಪಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ 2017–2020ರಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಲ್ಲಿ ಬೊಜ್ಜು 26%, ಒಟ್ಟು ಮಕ್ಕಳಲ್ಲಿ ಹತ್ತಿರಹತ್ತಿರ 20%. ಒಂದು ವರ್ಷದೊಳಗಿನ ಕೂಸಿಗೆ ಜ್ಯೂಸೇ ಬೇಡ, ಮೂರು ವರ್ಷದವರೆಗೆ ದಿನಕ್ಕೆ 4 ಔನ್ಸ್ ಸಾಕು ಅಂತ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2017ರಲ್ಲೇ ಹೇಳಿದೆ. ಆದ್ರೆ ಕೇಳಿಸ್ಕೊಳ್ಳೋದು ಅಮ್ಮ, ಅವಳು ಬೆಳಕು ಹರಿಯೋಕ್ ಮುಂಚೆ ಹೊಲಕ್ಕೆ ಹೋಗಿರ್ತಾಳೆ, ಉಣ್ಸೋದು ಅಜ್ಜಿ. ಆ ಅಜ್ಜಿ ಅಡುಗೆಮನೇಲಿ ಮೆಕ್ಕೆಜೋಳದ ರೊಟ್ಟಿ ಟೋರ್ಟಿಯಾ, ಬೇಯಿಸಿದ ಕಾಳು, ಪಾಪಾಸುಕಳ್ಳಿ ಪಲ್ಯ ಎಲ್ಲಾ ಇದೆ, ಕೈಗೆ ಕೊಡೋ ಚೀಟೀಲಿ ಮಾತ್ರ ಕೇಲ್ ಸೊಪ್ಪು, ಕಿನೋವಾ ಧಾನ್ಯ. (ರಾಗಿಮುದ್ದೆ ಮನೆಗೆ ಓಟ್ಸ್ ಬರ್ಕೊಟ್ಟ ಹಾಗೆ.) ಬಡ ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಆಹಾರ ಕೊಡೋ ಸರ್ಕಾರದ ವಿಕ್ ಸ್ಕೀಮೇ 2009ರಲ್ಲಿ ಟೋರ್ಟಿಯಾ ಸೇರಿಸ್ಕೊಂಡಿದೆ, ಕ್ಲಿನಿಕ್‌ಗಳಿಗೆ ಏನ್ ಕಷ್ಟ?

ಈ ಕೆಲ್ಸಕ್ಕೆ ಪ್ರೊಮೊತೋರಾಗಳು ಅಂತ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು ಇದ್ದಾರೆ, ಅದೇ ಬೀದಿಯವರು, ಅದೇ ಭಾಷೆಯವರು, ಮನೆಗೇ ಹೋಗಿ ಅಜ್ಜಿ ಜೊತೆ ಕೂತು ಮಾತಾಡ್ತಾರೆ. 2022ರ ಜುಲೈನಿಂದ ಇವ್ರ ಸೇವೆಗೆ ಮೆಡಿ-ಕ್ಯಾಲ್ (ಬಡವರಿಗಿರೋ ರಾಜ್ಯದ ಆರೋಗ್ಯ ವಿಮೆ) ದುಡ್ಡು ಕೊಡುತ್ತೆ. ನಮ್ಮ ಜಿಲ್ಲೆಯ ಒಂದೊಂದು ಮಕ್ಕಳ ಕ್ಲಿನಿಕ್‌ನಲ್ಲೂ ಒಬ್ರು ಇರೋ ಹಾಗೆ ಮಾಡ್ಸಿ. ಎಂಟು ವರ್ಷದ ಅಕ್ಕ ತಮ್ಮನ ಚೆಕಪ್‌ನಲ್ಲಿ ದುಭಾಷಿ ಆಗೋದೂ ನಿಲ್ಲುತ್ತೆ, ಎಮರ್ಜೆನ್ಸಿ ಬಿಟ್ರೆ ಕಾನೂನಲ್ಲೂ ಅದಕ್ಕೆ ಅವಕಾಶ ಇಲ್ಲ.

ಇನ್ನೊಂದು, ಇದಂತೂ ನಿಮ್ಮ ಕೈಯಲ್ಲೇ ಇರೋದು. ಬರ್ಕ್‌ಲಿ ನಗರ 2014ರಲ್ಲಿ ಸಕ್ಕರೆ ಪಾನೀಯಗಳ ಮೇಲೆ ಸೋಡಾ ಟ್ಯಾಕ್ಸ್ ತಂತು, 2018ರಲ್ಲಿ ನಿಮ್ಮ ಸಭೆ ಕಂಪನಿಗಳ ಒತ್ತಡಕ್ಕೆ ಬಗ್ಗಿ ಬೇರೆ ಊರುಗಳು ಹೊಸದಾಗಿ ಹಾಕೋ ಹಾಗಿಲ್ಲ ಅಂತ 2031ರವರೆಗೆ ಬಾಗ್ಲು ಹಾಕ್ತು. ಪಕ್ಕದ ಸಾಂತಾ ಕ್ರೂಜ್ ಜನ ಆ ಕಾಯ್ದೆ ಇದ್ರೂ ಬಿಡ್ಲಿಲ್ಲ, 2024ರಲ್ಲಿ ವೋಟ್ ಹಾಕಿ ಟ್ಯಾಕ್ಸ್ ತಂದ್ರು. ತಾಯಂದಿರಿಗೆ ಜ್ಯೂಸ್ ಬಿಡ್ಸಿ ಅಂತ ಡಾಕ್ಟರ್ ಹೇಳ್ಬೇಕು, ಸೋಡಾ ಮೇಲೆ ಔನ್ಸ್‌ಗೆ ಎರಡು ಸೆಂಟ್ ಟ್ಯಾಕ್ಸ್ ಹಾಕೋಕ್ ಹೋದ್ರೆ ಮಾತ್ರ ಊರಿಗೆ ನಿಮ್ಮ ಕಾಯ್ದೆ ಅಡ್ಡ.

2018ರ ಆ ಕಾಯ್ದೆ ತೆಗೆಯೋ ಮಸೂದೆ ಬಂದ್ರೆ ನಿಮ್ಮ ವೋಟ್ ಯಾವ ಕಡೆ, ಎಲೆಕ್ಷನ್‌ಗೆ ಮುಂಚೆ ಬರವಣಿಗೆಯಲ್ಲಿ ತಿಳ್ಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ