ಶಾಲಾ ಗ್ರಂಥಾಲಯದ ಕಥಾಸಂಕಲನದ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರದಿಂದ ನಮ್ಮ ಲೈಬ್ರರಿಯ ಪುಸ್ತಕವೊಂದರ ಪುಟದ ಫೋಟೊ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. "ಇಂಥದ್ದನ್ನು ಮಕ್ಕಳ ಕೈಗೆ ಕೊಡುತ್ತೀರಾ?" ಎಂದು ಹಲವರು ಫೋನ್ ಮಾಡಿದ್ದೀರಿ, ಕೆಲವರು ಕಚೇರಿಗೇ ಬಂದಿದ್ದೀರಿ. ಪುಸ್ತಕವನ್ನು ಕೂಡಲೇ ಕಪಾಟಿನಿಂದ ತೆಗೆಯಬೇಕೆಂದು ಲಿಖಿತ ಮನವಿಯೂ ಬಂದಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಹೇಳುವುದು ಸರಿಯಲ್ಲ, ಹಾಗಾಗಿ ಎಲ್ಲರಿಗೂ ಈ ಪತ್ರ. ಪುಸ್ತಕವನ್ನು ನಾನು ತೆಗೆದಿಲ್ಲ. ಯಾಕೆ ಎಂಬುದನ್ನು ವಿವರವಾಗಿ ತಿಳಿಸುವುದು ನನ್ನ ಕರ್ತವ್ಯ.

ಅದು ಒಂಬತ್ತು ಮತ್ತು ಹತ್ತನೇ ತರಗತಿಯವರ ಕಪಾಟಿನಲ್ಲಿರುವ ಕಥಾಸಂಕಲನ. ಫೋಟೊದಲ್ಲಿರುವ ಪುಟದಲ್ಲಿ ಕೆರೆಯ ನೀರು ಮುಟ್ಟಿದ ಹುಡುಗನೊಬ್ಬನನ್ನು ಊರಿನ ಯಜಮಾನ ಜಾತಿ ಎತ್ತಿ ಬೈಯುತ್ತಾನೆ. ಬೈಗುಳ ಹಾಗೆಯೇ ಅಚ್ಚಾಗಿದೆ, ನಿಜ. ಆದರೆ ಫೋಟೊ ಆ ಸಾಲಿಗೇ ಮುಗಿಯುತ್ತದೆ. ಪುಟ ತಿರುಗಿಸಿದರೆ ಹುಡುಗನ ಅಜ್ಜಿ ತಲೆ ಮೇಲಿನ ಹುಲ್ಲಿನ ಹೊರೆಯನ್ನು ದಾರಿಯ ನಡುವೆಯೇ ಇಳಿಸುತ್ತಾಳೆ. ಯಜಮಾನನ ಎದುರಿಗೇ ನಿಂತು, ಮೊಮ್ಮಗನನ್ನು ಅವನ ಹೆಸರು ಹಿಡಿದು ಕೂಗುತ್ತಾಳೆ, ಕೆರೆ ಏರಿಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. ಕಥೆ ಇರುವುದು ಅಲ್ಲಿ.

ಈ ಒಂದೇ ಪುಟದ ಮೇಲೆ ಎರಡು ತರಹದ ದೂರು ಬಂದಿವೆ. ನಮ್ಮ ಜನರನ್ನು ಕೆಟ್ಟವರೆಂದು ತೋರಿಸಿದೆ, ಮಕ್ಕಳ ಮನಸ್ಸು ಒಡೆಯುತ್ತದೆ ಎನ್ನುವುದು ಒಂದು. ಇನ್ನೊಂದು ದೂರು ಒಬ್ಬ ತಾಯಿಯದು. ಆ ಬೈಗುಳವನ್ನು ತಾನು ಕೇಳಿಕೊಂಡೇ ಬೆಳೆದವಳು, ನಾಳೆ ಯಾರಾದರೂ ಹುಡುಗ ಅದನ್ನು ತಮಾಷೆಗೆಂದು ನನ್ನ ಮಗನ ಮೇಲೆ ಎಸೆದರೆ ಏನು ಮಾಡುತ್ತೀರಿ ಮೇಡಂ ಎಂದು ಕೇಳಿದರು. ಎರಡಕ್ಕೂ ಒಂದೇ ತೂಕ ಎಂದು ನಾನು ಹೇಳಲಾರೆ. ಊರುಗಳಲ್ಲಿ ನಡೆದದ್ದನ್ನು ಕಥೆ ಹೇಳಿದೆ. ಅದನ್ನು ಓದಿ ಯಾರಿಗಾದರೂ ಮುಜುಗರವಾದರೆ ಆ ಮುಜುಗರ ಮಕ್ಕಳಿಗೆ ಕೇಡು ಮಾಡುವುದಿಲ್ಲ. ಆದರೆ ಆ ತಾಯಿಯ ಭಯ ನಿಜವಾದದ್ದು, ಅದಕ್ಕೆ ಶಾಲೆ ಉತ್ತರ ಕೊಡಲೇಬೇಕು. ಪುಸ್ತಕ ತೆಗೆದರೆ ಆ ಭಯ ಹೋಗುವುದಿಲ್ಲ, ಏಕೆಂದರೆ ಆ ಮಾತನ್ನು ಮಕ್ಕಳು ಕಲಿಯುವುದು ಪುಸ್ತಕದಿಂದಲ್ಲ. ಅಂಥ ಮಾತು ಶಾಲೆಯಲ್ಲಿ ಯಾರ ಬಾಯಲ್ಲಿ ಬಂದರೂ ಆ ದಿನವೇ ನನ್ನ ಕೊಠಡಿಗೆ ಬರಬೇಕೆಂದು ಎಲ್ಲ ಶಿಕ್ಷಕರಿಗೂ ಸೂಚಿಸಿದ್ದೇನೆ. ಆ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದಿಲ್ಲ. ಓದಿದ ಮಕ್ಕಳ ಜೊತೆ ಕನ್ನಡ ಶಿಕ್ಷಕರು ಕೂತು ಮಾತಾಡುತ್ತಾರೆ.

ಪಠ್ಯಪುಸ್ತಕ ಬೇರೆ, ಲೈಬ್ರರಿ ಪುಸ್ತಕ ಬೇರೆ ಎಂಬುದನ್ನು ದಯವಿಟ್ಟು ಗಮನಿಸಿ. ಪಠ್ಯವನ್ನು ಎಲ್ಲ ಮಕ್ಕಳೂ ಓದಲೇಬೇಕು, ಪರೀಕ್ಷೆ ಬರೆಯಲೇಬೇಕು. ಅದರಲ್ಲಿ ಏನಿರಬೇಕು ಎಂಬ ಚರ್ಚೆ ಇಡೀ ರಾಜ್ಯದ್ದು. 2022ರ ಪರಿಷ್ಕರಣೆಯ ವಿವಾದ ನಿಮಗೆ ನೆನಪಿರಬಹುದು. ದೇವನೂರ ಮಹಾದೇವ ಅವರು ಹತ್ತನೇ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ವಾಪಸ್ ಪಡೆದರು. 2023ರಲ್ಲಿ ಸರ್ಕಾರ ಬದಲಾದಾಗ ಪಾಠಗಳು ಮತ್ತೆ ಬದಲಾದವು. ಲೈಬ್ರರಿ ಪುಸ್ತಕಕ್ಕೆ ಅಂಥ ಕಡ್ಡಾಯವಿಲ್ಲ. ಬೇಕೆನಿಸಿದ ಮಗು ಕೈಚಾಚಿ ತೆಗೆದುಕೊಳ್ಳುತ್ತದೆ, ಬೇಡವಾದ ಮಗು ಪಕ್ಕದ್ದನ್ನು ತೆಗೆದುಕೊಳ್ಳುತ್ತದೆ.

ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' ಕಾದಂಬರಿಗೆ ಬಂದ ವಿರೋಧದ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2016ರ ಜುಲೈನಲ್ಲಿ ಹೇಳಿದ್ದೂ ಇದನ್ನೇ: ಓದುವ ಆಯ್ಕೆ ಓದುಗನದು, ಓದಲೇಬೇಕೆಂಬ ಬಲವಂತ ಯಾರಿಗೂ ಇಲ್ಲ. ತಮಿಳುನಾಡಿನ ತಿರುಚೆಂಗೋಡಿನಲ್ಲಿ ಆ ಕಾದಂಬರಿಯ ವಿರುದ್ಧ ಗಲಾಟೆ ಹಬ್ಬಿದ್ದೂ ಕೆಲವೇ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚಿದ್ದರಿಂದ. 2015ರ ಜನವರಿಯಲ್ಲಿ ಅಧಿಕಾರಿಗಳು ಕರೆದ ಶಾಂತಿ ಸಭೆಯಲ್ಲಿ ಲೇಖಕರಿಂದ ಬೇಷರತ್ ಕ್ಷಮೆ ಬರೆಸಿಕೊಂಡರು. ನಮ್ಮೂರಿನ ಶಾಲೆಯಲ್ಲಿ ಅಂಥ ಸಭೆ ನಡೆಯಲು ನಾನು ಬಿಡುವುದಿಲ್ಲ.

ಕೋರ್ಟು ಯಾವಾಗಲೂ ಪುಸ್ತಕದ ಪರವಾಗಿಯೇ ತೀರ್ಪು ಕೊಡುತ್ತದೆ ಎಂದಲ್ಲ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓದುಗಳಾಗಿ ನನಗೆ ಆ ತೀರ್ಪು ಬೇಸರ ತಂದಿದೆ. ಆದರೂ ಅಲ್ಲೊಂದು ಕ್ರಮವಿತ್ತು. ಮುಟ್ಟುಗೋಲಿನ ಅಧಿಕಾರ ರಾಜ್ಯ ಸರ್ಕಾರದ್ದು; ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಬೇಕು, ಅದನ್ನು ಒಪ್ಪದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಫೋನ್ ಕರೆಗೆ ಹೆದರಿ ಮುಖ್ಯೋಪಾಧ್ಯಾಯಿನಿ ಸಂಜೆ ಹೊತ್ತು ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅದಕ್ಕೆ ಕಾರಣವೂ ಇರುವುದಿಲ್ಲ, ಪ್ರಶ್ನಿಸಲು ಜಾಗವೂ ಇರುವುದಿಲ್ಲ.

ಈಗ ಮುಂದಿನ ಕ್ರಮ. ಆಕ್ಷೇಪಣೆಯ ಅರ್ಜಿ ಕಚೇರಿಯಲ್ಲಿದೆ. ಪುಸ್ತಕವನ್ನು ಪೂರ್ತಿ ಓದಿದ್ದೀರಾ, ಯಾವ ಭಾಗದ ಬಗ್ಗೆ ತಕರಾರು, ಯಾವ ವಯಸ್ಸಿನ ಮಕ್ಕಳಿಗೆ ಬೇಡವೆನ್ನುತ್ತೀರಿ ಎಂಬುದನ್ನು ಬರೆದು ಕೊಡಿ. ಇಬ್ಬರು ಶಿಕ್ಷಕರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಇಬ್ಬರು ಸದಸ್ಯರು ಮತ್ತು ಅರ್ಜಿ ಕೊಟ್ಟವರಲ್ಲಿ ಒಬ್ಬರು ಪುಸ್ತಕ ಓದಿಕೊಂಡು ಬಂದು ಚರ್ಚಿಸುತ್ತಾರೆ. ತೀರ್ಮಾನ ಮತ್ತು ಅದರ ಕಾರಣ ನೋಟಿಸ್ ಬೋರ್ಡಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಎಂಟನೇ ತರಗತಿಯವರೆಗಿನ ಕಪಾಟುಗಳು ಮೊದಲಿನಿಂದಲೂ ಬೇರೆ ಇವೆ, ಚಿಕ್ಕ ಮಕ್ಕಳ ಬಗ್ಗೆ ಆತಂಕ ಬೇಡ. ನಿಮ್ಮ ಮಗ ಅಥವಾ ಮಗಳು ಈ ಪುಸ್ತಕ ಓದಬಾರದು ಎಂಬುದು ನಿಮ್ಮ ನಿರ್ಧಾರವಾದರೆ ಒಂದು ಚೀಟಿ ಬರೆದು ಕಳಿಸಿ, ಲೈಬ್ರರಿ ಕಾರ್ಡಿನಲ್ಲಿ ಗುರುತು ಹಾಕಿಸುತ್ತೇನೆ. ನಿಮ್ಮ ಮಗುವಿನ ಮಟ್ಟಿಗೆ ಆ ಹಕ್ಕು ನಿಮ್ಮದೇ. ಪಕ್ಕದ ಮನೆಯ ಮಗುವಿಗೂ ಸೇರಿಸಿ ತೀರ್ಮಾನಿಸುವ ಹಕ್ಕನ್ನು ಯಾರಿಗೂ ಕೊಡಲಾರೆ.

ಇನ್ನೊಂದು ಮಾತು. ಈ ಪುಸ್ತಕವನ್ನು ಯಾವ ಯಾವ ಮಕ್ಕಳು ಮನೆಗೆ ಒಯ್ದಿದ್ದಾರೆ, ರಿಜಿಸ್ಟರ್ ತೋರಿಸಿ ಎಂದು ಕೇಳಿದವರಿದ್ದಾರೆ. ತೋರಿಸುವುದಿಲ್ಲ. ಆ ಪಟ್ಟಿ ಹೊರಗೆ ಹೋದರೆ ನಾಳೆಯಿಂದ ಯಾವ ಹುಡುಗಿಯೂ ಧೈರ್ಯವಾಗಿ ಒಂದು ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಓದಿದ ಮಕ್ಕಳನ್ನು ಯಾರೂ ಕರೆದು ವಿಚಾರಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪುಸ್ತಕದ ಬಗ್ಗೆ ಚರ್ಚಿಸುವ ಸಭೆ ಬರುವ ಶನಿವಾರ ಮಧ್ಯಾಹ್ನ 2 ಗಂಟೆಗೆ, ಹತ್ತನೇ ತರಗತಿಯ ಕೊಠಡಿಯಲ್ಲಿ. ಓದಲು ಬಯಸುವ ಪೋಷಕರಿಗಾಗಿ ಎರಡು ಪ್ರತಿಗಳನ್ನು ಕಚೇರಿಯಲ್ಲಿ ಇಟ್ಟಿದ್ದೇವೆ. ಅಲ್ಲೇ ಕೂತು ಓದಬಹುದು, ಒಂದು ರಾತ್ರಿಗೆ ಮನೆಗೂ ಒಯ್ಯಬಹುದು. ಓದು ಬಾರದ ಪೋಷಕರು ಶುಕ್ರವಾರ ಸಂಜೆ ಬಂದರೆ ಆ ಕಥೆಯನ್ನು ನಾನೇ ಓದಿ ಹೇಳುತ್ತೇನೆ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ